ಕೆಂಪು ದಾರದ ತೆನೆ

ದೇವರ ಜಗಲಿಯ ಮೇಲೆ ಹನ್ನೊಂದು ಕೆಂಪು ದಾರದ ತುಣುಕುಗಳನ್ನು ಕಂಡು ಓಂಪ್ರಕಾಶ ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ್ನು ಭತ್ತದ ತೆನೆಗಳಿಗೆ ಗುರುತಿಗೆಂದು ಕಟ್ಟಿದವನು ಅವನೇ. ಎರಡು ತಳಿಗಳನ್ನು ಕೂಡಿಸಿ, ಆರು ವರ್ಷ ಬಿತ್ತಿ, ಆರಿಸಿ, ಮತ್ತೆ ಬಿತ್ತಿದ ಮೇಲೆ ಈ ಸಲ ಒಂದೇ ಒಂದು ಸಸಿ ಅವನೆಣಿಸಿದಷ್ಟು ಕಾಳು ಹಿಡಿದಿತ್ತು. ಮುಂದಿನ ಬಿತ್ತನೆಯ ಬೀಜಕ್ಕೆ ಇದ್ದದ್ದು ಆ ಒಂದು ಸಸಿಯ ಈ ತೆನೆಗಳೇ.

"ಅವ್ವಾ, ದಾರ ಕಟ್ಟಿದ ತೆನಿ ಎಲ್ಲಿ ಅವ?"

"ಇಲ್ಲೇ ಅವಲ್ಲೋ!" ಕಾಂತಾಬಾಯಿ ಊಟಕ್ಕೆ ಕುಳಿತಿದ್ದ ಜಂಗಮಯ್ಯನವರ ತಾಟಿನ ಕಡೆ ಕೈ ತೋರಿಸಿದಳು. "ದೇವರ ಪಾಲಂತ ನೀ ಕಟ್ಟಿದ್ದು ನನಗ ತಿಳಿಯಾಂಗಿಲ್ಲೇನು? ನಿಮ್ಮಪ್ಪನೂ ಹಿಂಗೇ ಕಟ್ತಿದ್ದ. ಒಂದು ಹಿಡಿ ಅಕ್ಕಿ ಆತು, ನಾನೇ ಕುಟ್ಟಿ ಮಾಡೀನಿ."

ಅಪ್ಪ ವರ್ಷಾ ವರ್ಷಾ ಜೋಳದ ಮೊದಲ ತೆನೆಗಳಿಗೆ ಕಟ್ಟುತ್ತಿದ್ದುದೂ ಇದೇ ಕೆಂಪು ದಾರ. ಹೊಲದಲ್ಲಿ ಗಂಟು ಹಾಕುವಾಗ ಓಂಪ್ರಕಾಶನಿಗೆ ಅದು ನೆನಪೇ ಆಗಿರಲಿಲ್ಲ. ಅವ್ವನ ಮುಖದ ಹಿಗ್ಗು ನೋಡಿ ಅವನು ಒಳಗೆ ಬಂದು ಅಯ್ಯನವರ ಎದುರು ಕುಳಿತ.

"ಅಕ್ಕಿ ಏಕದಮ್ ಛಲೋ ಅದ," ಎಂದರು ಅಯ್ಯನವರು. "ನಮ್ಮ ಸಾಸ್ತೂರ ಊರ ತುಂಬ ಇದೇ ಬೆಳೀಲಪಾ." ತಾಟಿನ ಕೊನೆಯ ತುತ್ತನ್ನು ಪ್ರಸಾದವೆಂದು ಅವನ ಅಂಗೈಗೆ ಹಾಕಿದರು.

ಪ್ರಸಾದ ಒಲ್ಲೆ ಎನ್ನುವಂತಿಲ್ಲ, ಒಂದಗುಳೂ ಚೆಲ್ಲುವಂತಿಲ್ಲ. ಅವನು ಬಾಯಿಗೆ ಹಾಕಿಕೊಂಡ. ಬೇಯದ ಕಾಳೊಂದಾದರೂ ಉಳಿದೀತೇ ಎಂದು ನಾಲಿಗೆಯಿಂದ ತಡಕಿದ.

"ಹ್ಯಾಂಗ ಆಗ್ಯಾದೋ?" ಅವ್ವ ಕೇಳಿದಳು.

"ಛಲೋ ಬೆಂದದವ್ವಾ," ಎಂದ ಓಂಪ್ರಕಾಶ.