ಮೂಗು ಮುಚ್ಚದವನು

ಕೊಳಚೆ ನೀರು ಶುದ್ಧೀಕರಿಸುವ ಘಟಕದ ಆಪರೇಟರಿಗೆ ಕಚೇರಿಗೆ ಬಡ್ತಿ ಸಿಕ್ಕಿ ವರ್ಷವಾಗಿತ್ತು. "ನಿನ್ನ ಜಾಗಕ್ಕ ಒಬ್ಬ ನಿಲ್ಲೋತನಕ ಬಿಡಂಗಿಲ್ಲ" ಎಂದಿದ್ದರು ಸಾಹೇಬರು. ಬಂದವರೆಲ್ಲ ಮೂಗು ಮುಚ್ಚಿಕೊಂಡು ಅಂದೇ ಓಡಿಹೋಗುತ್ತಿದ್ದರು.

ಈ ಸಲ ಬಂದವನು ಮಾತ್ರ ಟ್ಯಾಂಕಿನ ಪಕ್ಕದಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದ. ಆಪರೇಟರ್ ಗೂಟದಲ್ಲಿದ್ದ ತನ್ನ ಚೀಲವನ್ನು ಖುಷಿಯಿಂದ ಹೆಗಲಿಗೇರಿಸಿದ.

"ಇಲ್ಲಿ ಮೂಗು ಎಚ್ಚರ ಇರಬೇಕು ನೋಡಪಾ. ಹಸಿಮಣ್ಣಿನ ವಾಸನಿ ಬಂದ್ರ ಟ್ಯಾಂಕ್ ಚಲೋ ಐತಿ. ಕೊಳೆತ ತತ್ತಿ ವಾಸನಿ ಬಂದ್ರ ಅದು ವಿಷಗಾಳಿ, ಕೆಳಗ ಇಳಿದವ ಮ್ಯಾಲ ಬರಂಗಿಲ್ಲ. ಈಗ ಯಾವ ವಾಸನಿ ಐತಿ, ಹೇಳು?"

ಹೊಸಬ ನಕ್ಕ.

"ಕೊರೋನಾ ಬಂದಾಗಿಂದ ನನಗ ಯಾವ ವಾಸನಿನೂ ಗೊತ್ತಾಗಂಗಿಲ್ರಿ. ಅದಕ್ಕ ಈ ಕೆಲಸಕ್ಕ ಬಂದೀನಿ. ನೀವು ಹೊಂಡ್ರಿ ಅಣ್ಣಾರ."

ಆಪರೇಟರ್ ಚೀಲವನ್ನು ಮತ್ತೆ ಗೂಟಕ್ಕೆ ನೇತುಹಾಕಿದ.