ಬಿಸಿ ಇಂಜಿನ್ನಿನ ಬೆಕ್ಕು

ಚಳಿಗಾಲದ ಸೋಮವಾರ, ಬೆಳಿಗ್ಗೆ ಏಳು ಗಂಟೆ ಇರಬಹುದು. ಮಹಡಿಯ ಬಾಡಿಗೆ ಕೋಣೆಯಿಂದ ಇಳಿದುಬಂದ ನರ್ಸ್, ಕೆಳಗಿನ ಗ್ಯಾರೇಜಿನಲ್ಲಿ ನಿಂತಿದ್ದ ತನ್ನ ಬೈಕಿನ ಇಂಜಿನ್ ಹೆಡ್ಡಿನ ಮೇಲೆ ಅಂಗೈ ಇಟ್ಟಳು. ಇಟ್ಟವಳೇ ಸರಕ್ಕನೆ ಎಳೆದುಕೊಂಡಳು. ಇಂಜಿನ್ ಕಾದ ಹಂಚಿನ ಹಾಗಿತ್ತು.

“ಮೇಸ್ತ್ರಿ, ಇದನ್ನ ಯಾರು ಸ್ಟಾರ್ಟ್ ಮಾಡಿದ್ದು?”

ಮೇಸ್ತ್ರಿ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದ. “ಬೆಕ್ಕು ಇರ್ಬೇಕು ಸಿಸ್ಟರಮ್ಮ.”

“ಬೆಕ್ಕಿಗೆ ಕೀ ಕೊಟ್ಟಿದ್ದು ಯಾರು?”

ಟೀ ತಂದ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು. “ಮೊನ್ನೆನೂ ಅದೇ ಬೆಕ್ಕು, ನಿನ್ನೆನೂ ಅದೇ ಬೆಕ್ಕು ಕಣಮ್ಮ. ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ, ಯಾರೂ ನೋಡ್ತಿಲ್ಲ ಅಂದ್ಕೊಂಡು.”

ಹೆಡ್ ಬಿಚ್ಚಿ, ಹೊಸ ವಾಲ್ವ್ ಕೂರಿಸಿ, ಮತ್ತೆ ಜೋಡಿಸಿದ್ದಾಗಿತ್ತು. ಉಳಿದದ್ದು ಟ್ಯಾಪೆಟ್ ಸೆಟ್ಟಿಂಗ್ ಒಂದೇ: ವಾಲ್ವಿನ ತುದಿಗೂ ಅದನ್ನು ಒತ್ತುವ ಸ್ಕ್ರೂಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡುವ ಕೆಲಸ. ಇಂಜಿನ್ ತಣ್ಣಗಿರುವಾಗಲೇ ಮಾಡಬೇಕು. ಬಿಸಿ ಇಂಜಿನ್ನಿಗೆ ಸಂದು ಅಳೆಯುವ ಗೇಜ್ ಇಟ್ಟವರನ್ನು ಈ ಮೇಸ್ತ್ರಿ ಜೀವಮಾನವೆಲ್ಲ ಬೈದವನು. ನಾಳೆ ನರ್ಸ್ ವರ್ಗವಾದ ಊರಿಗೆ ಇದೇ ಬೈಕಿನಲ್ಲಿ ಹೊರಡಬೇಕು.

“ನಿಜ ಹೇಳಿ ಮೇಸ್ತ್ರಿ.”

“ಆಚೆ ಬೀದಿಯವನ ಹತ್ರ ಮಾಡಿಸ್ಕೊ ತಾಯಿ. ಅವನ ಕೈ ಚೆನ್ನಾಗಿದೆ.” ಅವನು ತನ್ನ ಬಲಗೈ ನೋಡಿಕೊಂಡ. “ಬಿಚ್ಚೋದು ಜೋಡಿಸೋದು ಕಣ್ಣಲ್ಲಿ ನೋಡಿ ಮಾಡ್ದೆ. ಇದು ಕಣ್ಣಿಗೆ ಕಾಣಲ್ಲ, ಬೆರಳಿಗೇ ಗೊತ್ತಾಗ್ಬೇಕು. ನನ್ನ ಬೆರಳು ಎದ್ದಿದೆಯೋ ಇನ್ನೂ ಮಲಗಿದೆಯೋ, ನನಗೇ ಗೊತ್ತಿಲ್ಲ. ಸಂದು ಬಿಗಿಯಾದ್ರೆ ಹೊಸ ವಾಲ್ವೂ ಸುಟ್ಟುಹೋಗುತ್ತೆ. ನಡುದಾರೀಲಿ ಒಬ್ಬಳೇ ನಿಂತಿರ್ತೀಯ.”

ನರ್ಸ್ ಬೈಕಿನ ಕೀ ಕಿತ್ತು ಕಿಸೆಗೆ ಹಾಕಿಕೊಂಡಳು. “ಇನ್ನು ಬೆಕ್ಕು ಬರಲಿ, ನೋಡೋಣ,” ಎಂದು ಹಳೆ ಟಯರಿನ ಮೇಲೆ ಕೂತಳು.

ಹೋದ ವರ್ಷ ಲಕ್ವ ಹೊಡೆದು ಆ ಬಲಗೈ ಒದ್ದೆ ಬಟ್ಟೆಯಂತೆ ಜೋತುಬಿದ್ದಾಗಲೂ ಅವಳು ಹೀಗೇ ಕೂತಿದ್ದಳು. ಆಸ್ಪತ್ರೆಯ ಕೆಲಸ ಮುಗಿಸಿ ಬಂದವಳು, ದಣಿದ ಕಾಲನ್ನು ಮಡಿಸಿಕೊಂಡು, ಮೊದಲು ರಬ್ಬರ್ ಚೆಂಡು ಹಿಸುಕಿಸಿದಳು. ಆಮೇಲೆ ದೊಡ್ಡ ಬೋಲ್ಟಿಗೆ ದೊಡ್ಡ ನಟ್ಟು, ಸಣ್ಣದಕ್ಕೆ ಸಣ್ಣದು, ಕಣ್ಣು ಮುಚ್ಚಿಸಿ ಹಾಕಿಸಿದಳು. ಎಡಗೈ ಸಹಾಯಕ್ಕೆ ಬಂದರೆ ಮುಲಾಜಿಲ್ಲದೆ ಗದರುತ್ತಿದ್ದಳು. ಬೀದಿಯವರೆಲ್ಲ ‘ಮೇಸ್ತ್ರಿ ಕತೆ ಮುಗೀತು’ ಎಂದಿದ್ದರು, ಅವಳೊಬ್ಬಳು ಹಾಗೆನ್ನಲಿಲ್ಲ.

ಇಂಜಿನ್ ಆರುವಷ್ಟರಲ್ಲಿ ಮೇಸ್ತ್ರಿಯ ಮುಂದಿಟ್ಟ ಟೀ ಎರಡು ಸಲ ಆರಿತು. ನೆತ್ತಿಗೆ ಬಿಸಿಲು ಬಂದಾಗ ನರ್ಸ್ ಹೆಡ್ ಮುಟ್ಟಿ ನೋಡಿದಳು. “ಹೂಂ, ತಣ್ಣಗಾಗಿದೆ. ಏಳಿ.”

ಮೇಸ್ತ್ರಿ ಇಂಜಿನ್ನಿನ ಗುರುತು ನೋಡಿ ಪಿಸ್ಟನ್ನನ್ನು ಮೇಲಕ್ಕೆ ತಂದ. ಗೇಜಿನ ತೆಳುವಾದ ಉಕ್ಕಿನ ಎಲೆಯನ್ನು ಸಂದಿನಲ್ಲಿ ತೂರಿಸಿದ. ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಹೇಳುತ್ತಿದ್ದ ಮಾತೊಂದಿತ್ತು: ‘ಎಳೆದ್ರೆ ಎಲೆ ಬರ್ಬೇಕು, ಆದ್ರೆ ತವರು ಬಿಟ್ಟು ಹೊರಟ ಮಗಳ ಹಾಗೆ ಬರ್ಬೇಕು, ಒಂದು ಗಳಿಗೆ ಹಿಂದೆ ಜಗ್ಗಿ.’ ಈಗ ತಾನೇ ಎಳೆದ. ಬೆರಳಿಗೆ ಏನೂ ತಿಳಿಯಲಿಲ್ಲ. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಎಡಗೈ ತಾನಾಗಿಯೇ ಗೇಜಿನ ಕಡೆ ಸರಿಯಿತು.

“ಎಡಗೈ ಬೇಡ, ಮೇಸ್ತ್ರಿ.”

“ನೀನು ಸ್ವಲ್ಪ ಹಿಡಿದು ನೋಡ್ಬಾರ್ದಾ?”

“ನನಗೇನು ಗೊತ್ತು ಇದರ ತಲೆ ಬುಡ? ನಿಮಗೆ ಗೊತ್ತಾದ್ರೆ ನನಗೆ ಗೊತ್ತಾದ ಹಾಗೆ. ಕಣ್ಣು ಮುಚ್ಚಿ.”

ಮೇಸ್ತ್ರಿ ಕಣ್ಣು ಮುಚ್ಚಿದ. ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ, ಎಳೆದ. ಮತ್ತೆ ಒಂದಿಷ್ಟು, ಮತ್ತೆ ಎಳೆದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಲ್ಲೋ ದೂರದಲ್ಲಿ, ಗೋಡೆಯಾಚೆ ಯಾರೋ ಕರೆದಂತೆ, ಎಲೆ ಮೆಲ್ಲಗೆ ಜಗ್ಗಿತು. ಅವನು ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದ.

“ಸಿಕ್ತು,” ಎಂದ. ನಟ್ಟು ಬಿಗಿದು, ಮತ್ತೆ ಎಳೆದು ನೋಡಿ, ಇನ್ನೊಂದು ವಾಲ್ವಿಗೂ ಹಾಗೇ ಮಾಡಿದ. ಬಾಗಿಲಲ್ಲಿದ್ದ ಹೆಂಡತಿ ಲೋಟ ಎತ್ತಿಕೊಳ್ಳುವ ನೆವದಲ್ಲಿ ಬಂದು, ಅವನ ಹಣೆ ಒರೆಸಿ ಹೋದಳು.

ಮಂಗಳವಾರ ಬೆಳಿಗ್ಗೆ ನರ್ಸಿನ ಚೀಲವನ್ನು ಬೈಕಿಗೆ ಕಟ್ಟಿದ್ದು ಮೇಸ್ತ್ರಿಯೇ. ಕಿಸೆಯಿಂದ ಆ ರಬ್ಬರ್ ಚೆಂಡು ತೆಗೆದು ಬಲಗೈಯಲ್ಲಿ ಚಾಚಿದ.

“ಅಲ್ಲೂ ಕೈ ಸೋತೋನು ಒಬ್ಬ ಇರ್ತಾನೆ. ಅವನಿಗೆ ಕೊಡು. ಬಯ್ಯೋದು ಮಾತ್ರ ಸ್ವಲ್ಪ ಕಮ್ಮಿ ಮಾಡು, ಪಾಪ.”

ನರ್ಸ್ ನಗಲು ಹೋಗಿ ಮುಖ ಆಚೆ ತಿರುಗಿಸಿಕೊಂಡಳು. ಬೈಕ್ ಶುರುವಾಯಿತು. ಟ್ಯಾಪೆಟ್ ಎಷ್ಟು ಬೇಕೋ ಅಷ್ಟೇ, ಗಡಿಯಾರದ ಹಾಗೆ ಸಣ್ಣಗೆ ಮಾತಾಡುತ್ತಿತ್ತು. ಅವಳು ಕ್ಲಚ್ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ಹೊರಟುಹೋದಳು.

ಸದ್ದು ಬೀದಿಯ ತಿರುವು ದಾಟುವವರೆಗೂ ಗಂಡ ಹೆಂಡತಿ ಇಬ್ಬರೂ ಕಿವಿಗೊಟ್ಟು ನಿಂತಿದ್ದರು.

“ರೀ, ಬೆಳಿಗ್ಗೆಯಿಂದ ಆ ಬೆಕ್ಕು ಕಾಣಲೇ ಇಲ್ವಲ್ಲ?” ಎಂದಳು ಹೆಂಡತಿ.

ಮೇಸ್ತ್ರಿ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ನೋಡಿಕೊಂಡ.

“ಅದು ಸೋಮವಾರಾನೇ ಮನೆ ಬಿಟ್ಟು ಹೋಯ್ತು ಕಣೇ.”