ಬೇವಿನ ಬುಡದ ಹಾಲು

ಕಾಂಚನಾ ಚೌಕಟ್ಟಿನ ಗಾಜನ್ನು ವಿಭೂತಿ ಹಚ್ಚಿದ ಅರಿವೆಯಿಂದ ಒರೆಸುತ್ತಿದ್ದಳು. ನಾಳೆ ಖಂಡೇಪೂಜೆ. ಮಲ್ಲಸಮುದ್ರದ ಈ ಮನೆಯಲ್ಲಿ ಅಂದು ಕುಡಗೋಲು, ಕೂರಿಗೆಗಳ ಜೊತೆ ಗೋಡೆಯ ಮೇಲಿನ ಇಂಗ್ಲಿಷ್ ಕಾಗದಕ್ಕೂ ಪೂಜೆ. ಗಂಡನ ಮುತ್ತಜ್ಜ ಹುಚ್ಚೀರಪ್ಪ, ಹಳ್ಳದಲ್ಲಿ ತೇಲಿಹೋಗುತ್ತಿದ್ದ ಬ್ರಿಟಿಷ್ ಸಾಹೇಬನ ಕೂಸನ್ನು ಉಳಿಸಿದ್ದಕ್ಕೆ ಸಾಹೇಬ ಬರೆದುಕೊಟ್ಟದ್ದಂತೆ. ಹದಿನಾರು ಎಕರೆ ಎರಿಹೊಲ ಆ ಕಾಗದದಿಂದಲೇ ಬಂದದ್ದು.

"ಈ ಸಲ ಆ ಹಾಲು-ಗೀಲು ಇಡಬ್ಯಾಡ," ಗಂಡ ಮಹಾದೇವ ಚಪ್ಪಲಿ ಮೆಟ್ಟುತ್ತ ಹೇಳಿದ. "ಗದಗಿನ ಮಂದಿ ಪೂಜಿ ನೋಡಾಕ ಬರ್ತಾರ. ಪೇಡೆ ತರ್ತೀನಿ, ಅದನ್ನ ಇಡು. ಹಾಲು ಇಟ್ಟು, ಒಯ್ದು ಹಿತ್ತಲದಾಗ ಚೆಲ್ಲೂದು, ಏನ್ ಪದ್ಧತಿನೋ! ಅಂಕಿತಾ, ಆ ಕಾಗದದ್ದು ಕನ್ನಡದಾಗ ಬರದಿಡವಾ. ಫ್ಲೆಕ್ಸಿಗೆ ಕೊಡಬೇಕು."

"ಆತು ಬಿಡ್ರಿ," ಎಂದಳು ಕಾಂಚನಾ. ಹಾಲು ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಹುಚ್ಚೀರಪ್ಪನ ಹೆಂಡತಿ ಗುರುಸಿದ್ದವ್ವ ಹಾಕಿಕೊಟ್ಟ ಪದ್ಧತಿ, ಸೊಸೆಯಿಂದ ಸೊಸೆಗೆ ಬಂದದ್ದು. ಹಕ್ಕಿಯ ಚುಂಚಿನಂಥ ಮೂತಿಯಿದ್ದ ಸಣ್ಣ ಹಿತ್ತಾಳೆ ಬಟ್ಟಲಲ್ಲಿ ಕಾಗದದ ಮುಂದೆ ಹಾಲಿಡಬೇಕು, ಯಾರೂ ಕುಡಿಯಬಾರದು, ಹಿತ್ತಲ ಬೇವಿನ ಬುಡಕ್ಕೆ ಹಾಕಬೇಕು. ಕೇಳಿದಾಗ ಅತ್ತೆ, "ನನಗೇನ್ ಗೊತ್ತವಾ, ಹಾಕು ಅಂದ್ರು, ಹಾಕ್ಕೋತ ಬಂದೇನಿ," ಅಂದಿದ್ದರು.

ಇಂಗ್ಲಿಷ್ ಎಂ.ಎ. ಓದುತ್ತಿದ್ದ ಮಗಳು ಅಂಕಿತಾ ಕಾಗದದ ಫೋಟೊ ತೆಗೆದು, ಮೊಬೈಲಿನಲ್ಲಿ ದೊಡ್ಡದು ಮಾಡಿ ಓದತೊಡಗಿದಳು.

"ಯವ್ವಾ, ಎಂಥಾ ಮುದುಕ ಇಂಗ್ಲಿಷ್ ಇದು! 'ಹೆನ್ಸ್‌ಫೋರ್ತ್' ಅಂತ. ಅಂದ್ರ 'ಇನ್ನ ಮುಂದ'. ಈಗ ವಕೀಲರನ್ನ ಬಿಟ್ರ ಯಾರೂ ಅನ್ನೂದಿಲ್ಲ. ಸಾಹೇಬನ ಮಗನ ಜೀವ ಉಳೀತು ಅಂತ ಐತಿ, ಖರೆ. ಆದ್ರ ಹಳ್ಳದ ಸುದ್ದೀನ ಇಲ್ಲ. 'ವೆಟ್ ನರ್ಸ್' ಅಂತ ಐತಿ."

"ತೋಯ್ದ ನರ್ಸಾ?" ಕಾಂಚನಾ ನಕ್ಕಳು. "ಹಳ್ಳದಾಗ ಆಕೀನೂ ಬಿದ್ದಿರಬೇಕು ತಗೋ!"

ಅಂಕಿತಾ ನಗುತ್ತಲೇ ಅರ್ಥ ಹುಡುಕಿದಳು. ನಗು ನಿಂತಿತು.

"ಬ್ಯಾರೇರ ಕೂಸಿಗೆ ಎದಿಹಾಲು ಕುಡಸಾಕಿ."

"ಯಾರು?"

"ಹೆಸರಿಲ್ಲಬೇ. 'ಹುಚ್ಚೀರಪ್ಪನ ಹೆಂಡತಿ' ಅಂತ ಅಷ್ಟ. ಹನ್ನೊಂದು ತಿಂಗಳ ಬಂಗಲೇದಾಗ ಇಟ್ಕೊಂಡಿದ್ರಂತ." ಅವಳ ಬೆರಳು ಮುಂದಿನ ಸಾಲಿನ ಕೆಳಗೆ ತಡೆಯಿತು. "ಆಕಿ ಸ್ವಂತ ಕೂಸು ಎರಡ ತಿಂಗಳದ್ದು. ಅದನ್ನ ಮನ್ಯಾಗ ಬಿಡಿಸಿದ್ರಂತ. ಹಾಲಿಲ್ಲದ ಸತ್ತತಿ. ಅದಕ್ಕ ಆಕಿ ಗಂಡಗ ಹೊಲ ಕೊಡಬೇಕು ಅಂತ ಬರದಾನ."

ಕಾಂಚನಾಳ ಕೈ ಗಾಜಿನ ಮೇಲೆಯೇ ಉಳಿಯಿತು. ಇಪ್ಪತ್ತಾರು ವರ್ಷ ಇದೇ ಗಾಜಿಗೆ ಕುಂಕುಮ ಹಚ್ಚಿದ ಕೈ. ಅಂಕಿತಾ ಹುಟ್ಟಿದಾಗ ಒಂದು ಹೊತ್ತು ಕುಡಿಸುವುದು ತಡವಾದರೂ ಕುಪ್ಪಸ ತೊಯ್ದು ಹೋಗುತ್ತಿತ್ತು. ಹನ್ನೊಂದು ತಿಂಗಳು.

"ಅಪ್ಪಗ ಏನಂತ ಬರದು ಕೊಡ್ಲಿ?"

"ಇದ್ದದ್ದ ಬರಿ."

ಅಷ್ಟರಲ್ಲಿ ಮಹಾದೇವನ ಫೋನು. "ಪೇಡೆ ಒಂದ ಕಿಲೋ ಸಾಕೇನ?"

"ನಿಮ್ಮ ಮನಸಿಗೆ ಬಂದಷ್ಟ ತರ್ರಿ."

ಅಡುಗೆಮನೆಗೆ ಹೋಗಿ ಗೋಡೆಯ ಮಾಡದಿಂದ ಹಿತ್ತಾಳೆ ಬಟ್ಟಲನ್ನು ಇಳಿಸಿದಳು. ಹಿಂದೆ ದೀಪಕ್ಕೆ ಎಣ್ಣೆ ಹಾಕಲು ಮಾಡಿಸಿದ ಬಟ್ಟಲಿರಬೇಕೆಂದೇ ಇಷ್ಟು ದಿನ ತಿಳಿದಿದ್ದಳು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅದು ಒಳಲೆ. ಹಾಲು ಕುಡಿಯುವ ಕೂಸಿನ ಬಾಯಿಗೆ ಹಿಡಿಯುವಂಥದು. ಚುಂಚು ಒಂದು ಕಡೆ ಚೂರು ತಗ್ಗಿತ್ತು.

ನಾಳೆಗೆ ಕಾಯಲಿಲ್ಲ. ಕಾಗದದ ಮುಂದೆ ಇನ್ನು ಯಾವತ್ತೂ ಹಾಲು ಇಡುವುದಿಲ್ಲ, ಬೇವಿನ ಬುಡಕ್ಕೆ ಒಂದು ದಿನವೂ ತಪ್ಪಿಸುವುದಿಲ್ಲ ಎಂದುಕೊಂಡಳು. ಒಳಲೆಯನ್ನು ತೊಳೆದು ಹಾಲು ತುಂಬಿಕೊಂಡು ಹಿತ್ತಲಿಗೆ ಬಂದಳು. ಆ ಕೂಸು ಮಲಗಿದ್ದು ಈ ಬೇವಿನ ಕೆಳಗೇ ಇರಬೇಕು. ಸುರಿಯುವ ಮುಂಚೆ ಹಾಲು ಸುಡುತ್ತಿಲ್ಲ ತಾನೇ ಎಂದು ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡಿದಳು.